ಕಿವಿ ನೋಡುವ ಕ್ಯಾಮೆರಾ: ಮೊದಲು ಚಮಚ ಬಿಸಾಕಿ

ಡಬ್ಬಿ ಬಿಚ್ಚಿದ ಕೂಡಲೇ ನಾನು ಮಾಡಿದ ಮೊದಲ ಕೆಲಸವೆಂದರೆ, ಕ್ಯಾಮೆರಾದ ಜೊತೆ ಬಂದಿದ್ದ ಪುಟಾಣಿ ಚಮಚಗಳನ್ನು ಎಣಿಸಿ ಕಸದ ಬುಟ್ಟಿಗೆ ಹಾಕಿದ್ದು. ಎಂಟಿದ್ದವು. ಕ್ಯಾಮೆರಾದ ಮೂತಿಗೆ ಸಿಕ್ಕಿಸಿಕೊಂಡು, ಮೊಬೈಲಿನಲ್ಲಿ ನೋಡುತ್ತ, ನಿಮ್ಮ ಗುಗ್ಗೆ ನೀವೇ ಕೆರೆದು ತೆಗೆಯಿರಿ ಅಂತ ಡಬ್ಬಿಯ ಮೇಲೆ ನಗುವ ಹೆಂಗಸಿನ ಚಿತ್ರ. ಪಕ್ಕದಲ್ಲಿದ್ದ ಆಶಾ ಅಕ್ಕನಿಗೆ ಸಿಟ್ಟು ಬಂತು. "ರೊಕ್ಕ ಕೊಟ್ಟು ತಂದದ್ದು ಚೆಲ್ಲಾಕತ್ತೀರಲ್ರಿ ಸಿಸ್ಟರ್, ನಮ್ಮ ಮನ್ಯಾಗರ ಉಪಯೋಗ ಆಗ್ತಿದ್ವು." ನಿಮ್ಮ ಮನೆಯಲ್ಲಿ ಉಪಯೋಗ ಆಗಬಾರದು ಅಂತಲೇ ಚೆಲ್ಲಿದ್ದು ಅಂದೆ.

ನಾನು ಸಿಂಧನೂರು ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ. ಹುದ್ದೆಯ ಹೆಸರು ಉದ್ದ, ಊರವರಿಗೆ ನಾನು ಬರೀ ಸಿಸ್ಟರ್. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ಮೇಲೆ ಬದುಕುವ ಊರು ನಮ್ಮದು. ಕಾಲುವೆಗೆ ನೀರು ಬಿಟ್ಟರೆ ಹುಡುಗರು ನೀರಿಗೆ ಬೀಳುತ್ತವೆ. ಹದಿನೈದು ದಿನ ಕಳೆದರೆ ಅವೇ ಹುಡುಗರು ಕಿವಿ ಹಿಡಕೊಂಡು ನನ್ನ ಬಾಗಿಲಿಗೆ ಬರುತ್ತವೆ. ಭತ್ತದ ಕಟಾವಿನಲ್ಲಿ ಧೂಳು, ಹೊಟ್ಟು, ಹುಳ. ಬೇಸಿಗೆಯಲ್ಲಿ ಬೆವರು, ಕೆರೆತ, ಕೆರೆಯಲು ಕೈಗೆ ಸಿಕ್ಕ ಕಡ್ಡಿ. ಮೊದಲೆಲ್ಲ ಟಾರ್ಚ್ ಬಿಟ್ಟು ನೋಡುತ್ತಿದ್ದೆ. ಟಾರ್ಚಿಗೆ ಕಾಣುವುದು ಕಿವಿಯ ಬಾಗಿಲಷ್ಟೆ, ಒಳಮನೆ ಅಲ್ಲ. ಫೋನಿನಲ್ಲಿ ಡಾಕ್ಟರ್ ಸರ್ "ಕಿವಿಯ ತಮಟೆ ಹೇಗಿದೆ, ತೂತಾಗಿದೆಯಾ?" ಅಂತ ಕೇಳಿದರೆ, "ಕಾಣಂಗಿಲ್ರಿ ಸರ್" ಅನ್ನುವುದೇ ನನ್ನ ಕಾಯಂ ಉತ್ತರ. ಆ ಉತ್ತರ ಕೊಟ್ಟು ಕೊಟ್ಟು ಬೇಜಾರಾಗಿಯೇ ಸ್ವಂತ ದುಡ್ಡಿನಲ್ಲಿ ಇದನ್ನು ತರಿಸಿಕೊಂಡೆ. ಮೂರು ವರ್ಷ ಆಯಿತು. ಕಲಿತದ್ದನ್ನು, ಅದರಲ್ಲೂ ತಪ್ಪು ಮಾಡಿ ಕಲಿತದ್ದನ್ನು, ಬರೆಯುತ್ತಿದ್ದೇನೆ. ನನ್ನಂಥ ಸಿಸ್ಟರ್‌ಗಳಿಗೂ ಆದೀತು, ಮನೆಯಲ್ಲಿ ಇಂಥದ್ದೊಂದು ಇಟ್ಟುಕೊಂಡವರಿಗೂ ಆದೀತು.

ಕೊಳ್ಳುವಾಗ

ಎರಡು ಜಾತಿ ಸಿಗುತ್ತವೆ. ಒಂದಕ್ಕೆ ವೈರ್ ಇರುತ್ತದೆ, ಟೈಪ್-ಸಿ ಪಿನ್ನು ನೇರ ಫೋನಿಗೆ ಚುಚ್ಚಬೇಕು. ಇನ್ನೊಂದು ವೈಫೈಯದು, ಪೆನ್ನಿನ ಹಾಗೆ ಇರುತ್ತದೆ, ಒಳಗೆ ಬ್ಯಾಟರಿ. ವೈರಿನದು ಅಗ್ಗ, ಚಾರ್ಜಿನ ಚಿಂತೆ ಇಲ್ಲ. ಆದರೆ ಮಗು ಕೈ ಬೀಸಿ ವೈರ್ ಎಳೆದರೆ ಮೂತಿ ಕಿವಿಯೊಳಗೆ ತಿರುಗುತ್ತದೆ. ಆ ಒಂದು ಕಾರಣಕ್ಕೆ ನನ್ನ ಓಟು ವೈಫೈಯದಕ್ಕೆ.

ಡಬ್ಬಿಯ ಮೇಲೆ ಬರೆದ ಮೆಗಾಪಿಕ್ಸೆಲ್ ನೋಡಿ ಮರುಳಾಗಬೇಡಿ. ನೋಡಬೇಕಾದ್ದು ಎರಡೇ. ಒಂದು, ಮೂತಿಯ ದಪ್ಪ. ದೊಡ್ಡವರ ಕಿವಿಯ ನಾಳ ಸುಮಾರು 7 ಮಿಲಿಮೀಟರ್ ಅಗಲ; ಅದರಲ್ಲಿ 5.5 ಮಿಲಿಮೀಟರ್ ಮೂತಿ ತುರುಕಿದರೆ ಆಚೀಚೆ ಜಾಗವೇ ಉಳಿಯುವುದಿಲ್ಲ. 4 ಮಿಲಿಮೀಟರ್ ಒಳಗಿನದು ತಗೊಳ್ಳಿ. ಎರಡು, ಎಷ್ಟು ದೂರದಲ್ಲಿ ಚಿತ್ರ ಚೊಕ್ಕ ಬರುತ್ತದೆ ಅನ್ನುವುದು. ಹೆಚ್ಚಿನವಕ್ಕೆ ಒಂದೂವರೆಯಿಂದ ಎರಡು ಸೆಂಟಿಮೀಟರ್. ಇದನ್ನು ನೆನಪಿಡಿ, ಕೈ ಹಿಡಿಯುವ ಮಾತು ಬಂದಾಗ ಮತ್ತೆ ಬೇಕಾಗುತ್ತದೆ. ಮೂತಿಗೆ ಹಾಕಲು ಮೆತ್ತನೆಯ, ದುಂಡನೆ ಅಂಚಿನ ಸಿಲಿಕಾನ್ ಟೊಪ್ಪಿಗೆ ಕೊಟ್ಟಿದ್ದರೆ ಅದೊಂದನ್ನು ಇಟ್ಟುಕೊಳ್ಳಿ. ಚಮಚದ ವಿಚಾರ ಆಗಲೇ ಹೇಳಿದೆ.

ಫೋನಿಗೆ ಸೇರಿಸೋದು

ಅರ್ಧ ಜನ ಇಲ್ಲೇ ಸೋತು ಡಬ್ಬಿ ಮುಚ್ಚಿಡುತ್ತಾರೆ. ವೈಫೈ ಕ್ಯಾಮೆರಾ ನಿಮ್ಮ ಮನೆಯ ವೈಫೈಗೆ ಸೇರುವುದಿಲ್ಲ; ಅದೇ ಒಂದು ಸಣ್ಣ ವೈಫೈ ಬಿಡುತ್ತದೆ, ನಿಮ್ಮ ಫೋನು ಅದಕ್ಕೆ ಸೇರಬೇಕು. ಮೊದಲು ಆ್ಯಪ್ ಹಾಕಿಕೊಳ್ಳಿ. ಆಮೇಲೆ ಕ್ಯಾಮೆರಾದ ಗುಂಡಿ ಒತ್ತಿ, ಫೋನಿನ ವೈಫೈ ಪಟ್ಟಿಯಲ್ಲಿ ಅದರ ಹೆಸರು ಬಂದಾಗ ಆರಿಸಿ. "ಇದರಲ್ಲಿ ಇಂಟರ್‌ನೆಟ್ ಇಲ್ಲ, ಹೀಗೇ ಇರಲಾ?" ಅಂತ ಫೋನು ಕೇಳುತ್ತದೆ. ಇರು ಅನ್ನಿ. ಇಲ್ಲ ಅಂದಿರೋ, ಫೋನು ಜಾಣತನ ತೋರಿಸಿ ಮೊಬೈಲ್ ಡೇಟಾಕ್ಕೆ ಜಿಗಿಯುತ್ತದೆ, ಸ್ಕ್ರೀನ್ ಕಪ್ಪಾಗುತ್ತದೆ. ನಾನು ಮೊದಲು ಏರೋಪ್ಲೇನ್ ಮೋಡ್ ಹಾಕಿ, ಅದರ ಮೇಲೆ ವೈಫೈ ಮಾತ್ರ ಹಚ್ಚುತ್ತೇನೆ. ಇದರಿಂದ ಇನ್ನೊಂದು ಲಾಭ: ಕಿವಿಯೊಳಗೆ ಮೂತಿ ಇದ್ದಾಗ ಯಾರದೂ ಫೋನ್ ಬರುವುದಿಲ್ಲ.

ವೈರಿನದಾದರೆ ಫೋನಿಗೆ ಓಟಿಜಿ, ಅಂದರೆ ಹೊರಗಿನ ಸಾಧನ ಚುಚ್ಚಿ ಬಳಸುವ ಸೌಲಭ್ಯ, ಇರಬೇಕು. ಒಪ್ಪೊ, ವಿವೊ ತರದ ಕೆಲವು ಫೋನುಗಳಲ್ಲಿ ಸೆಟ್ಟಿಂಗ್‌ಗೆ ಹೋಗಿ ಅದನ್ನು ಕೈಯಾರೆ ಹಚ್ಚಬೇಕು, ಸ್ವಲ್ಪ ಹೊತ್ತು ಬಳಸದಿದ್ದರೆ ತಾನೇ ಆರಿಹೋಗುತ್ತದೆ. ಕ್ಯಾಮೆರಾ ಕೆಟ್ಟಿದೆ ಅಂತ ವಾಪಸ್ ಕಳಿಸುವ ಮುಂಚೆ ಇದನ್ನೊಮ್ಮೆ ನೋಡಿ.

ಆ್ಯಪ್ ಅನ್ನು ಪ್ಲೇಸ್ಟೋರಿನಿಂದಲೇ ಇಳಿಸಿ, ಡಬ್ಬಿಯ ಕ್ಯೂಆರ್ ಕೋಡು ಎಲ್ಲಿಗೋ ಕರೆದೊಯ್ದರೆ ಹೋಗಬೇಡಿ. ಲೊಕೇಶನ್ ಕೇಳಿದರೆ ಗಾಬರಿ ಬೇಡ, ಹತ್ತಿರದ ವೈಫೈ ಹುಡುಕಲು ಆಂಡ್ರಾಯ್ಡ್ ಅದನ್ನು ಕೇಳುವುದುಂಟು. ಕಾಂಟ್ಯಾಕ್ಟ್ ಪಟ್ಟಿ ಕೇಳಿದರೆ ಮಾತ್ರ ಆ ಆ್ಯಪ್ ಕಿತ್ತುಹಾಕಿ. ಕಿವಿ ನೋಡಲು ನಿಮ್ಮ ಬೀಗರ ನಂಬರ್ ಯಾಕೆ ಬೇಕು?

ಕಿವಿಯ ಹತ್ತಿರ ಹೋಗುವ ಮುಂಚೆ

ಕ್ಯಾಮೆರಾ ಕೈಯಲ್ಲಿದ್ದರೆ ಬಾಯಿ ಬಿಡುವುದನ್ನು ಮರೆಯುತ್ತೇವೆ. ಮೊದಲು ಕೇಳಬೇಕು. ಯಾವ ಕಿವಿ, ಎಷ್ಟು ದಿನ, ನೋವೋ ಕೆರೆತವೋ, ಸೋರುತ್ತದಾ, ವಾಸನೆ ಇದೆಯಾ, ತಲೆ ತಿರುಗುತ್ತದಾ, ಸಕ್ಕರೆ ಕಾಯಿಲೆ ಇದೆಯಾ, ಕಿವಿಗೆ ಏನಾದರೂ ಹಾಕಿದ್ದೀರಾ. ಈ ಕೊನೆಯ ಪ್ರಶ್ನೆಗೆ ನಮ್ಮ ಕಡೆ ಎಲ್ಲರೂ "ಏನಿಲ್ರಿ" ಅಂತಲೇ ಶುರು ಮಾಡುತ್ತಾರೆ. "ಎಣ್ಣಿ?" ಅಂದರೆ, "ಹಾ, ಎಣ್ಣಿ ಒಂದು ಬಿಟ್ಟೇವ್ರಿ." "ಬೆಳ್ಳುಳ್ಳಿ?" "ಅದ್ರಾಗೇ ಕಾಸಿದ್ವಿ." ಒಂದೊಂದೇ ಹೆಸರು ಹಿಡಿದು ಕೇಳಬೇಕು.

ಆಮೇಲೆ ಕಿವಿಯ ತೂತಿನ ಮುಂದೆ ಬಾಗಿಲ ಹಾಗೆ ಇರುವ ಸಣ್ಣ ದಿಬ್ಬವನ್ನು ಬೆರಳಿನಿಂದ ಮೆಲ್ಲಗೆ ಒತ್ತಿ. ಒತ್ತಿದರೆ ಚೀರುವಷ್ಟು ನೋವಿದ್ದರೆ ನಾಳವೇ ಬಾತಿದೆ ಅಂತ ಅರ್ಥ. ಕ್ಯಾಮೆರಾ ಬೇಡ, ಡಾಕ್ಟರ್ ಬೇಕು. ಕಿವಿಯ ಹಿಂದಿನ ಎಲುಬಿನ ಮೇಲೆ ಬಾವು ಬಂದು ಕಿವಿ ಮುಂದಕ್ಕೆ ಬಾಗಿದ್ದರೆ, ಬಾಯಿ ಒಂದು ಕಡೆ ಸೊಟ್ಟಗಾಗಿದ್ದರೆ, ತಲೆಗೆ ಪೆಟ್ಟು ಬಿದ್ದು ಕಿವಿಯಿಂದ ರಕ್ತವೋ ನೀರೋ ಬಂದರೆ, ಆಗಲೂ ಅಷ್ಟೆ, ನೇರ ಆಸ್ಪತ್ರೆ. ಸಕ್ಕರೆ ಕಾಯಿಲೆ ಇರುವ ವಯಸ್ಸಾದವರು "ರಾತ್ರಿ ನಿದ್ದಿ ಮಾಡಗೊಡದಷ್ಟು ಕಿವಿ ಬ್ಯಾನಿ" ಅಂದರೆ ಅದನ್ನು ಸಣ್ಣದು ಅಂದುಕೊಳ್ಳಬೇಡಿ. ಸೋಂಕು ತಲೆಬುರುಡೆಯ ಎಲುಬಿಗೆ ಇಳಿಯುವುದುಂಟು.

ಮಗು ಗುಂಡಿ ಸೆಲ್ಲು ಕಿವಿಗೆ ಹಾಕಿಕೊಂಡಿದೆ ಅನ್ನುವ ಅನುಮಾನ ಬಂದರೂ ಸಾಕು, ಒಂದು ನಿಮಿಷವೂ ನಿಲ್ಲಬೇಡಿ. ವಾಚು, ಆಟಿಕೆ, ರಿಮೋಟಿನಲ್ಲಿರುವ ಆ ಬಿಲ್ಲೆ ಕೆಲವೇ ತಾಸಿನಲ್ಲಿ ಒಳಗಿನ ಚರ್ಮ ಸುಡುತ್ತದೆ. ಎಣ್ಣೆ, ನೀರು, ಡ್ರಾಪ್ಸು ಏನೂ ಬಿಡಬಾರದು. ಕಡಲೆ, ಜೋಳ, ಹುಣಸೆಬೀಜ ಹೊಕ್ಕಿದ್ದರೆ ಅಷ್ಟು ಅವಸರವಿಲ್ಲ, ಆದರೆ ನೀರು ಬಿಡಬೇಡಿ. ಕಾಳು ನೆನೆದು ಉಬ್ಬಿ ಗೂಟ ಹೊಡೆದ ಹಾಗೆ ಕೂಡುತ್ತದೆ.

ಹುಳದ ಲೆಕ್ಕವೇ ಬೇರೆ. ಹೋದ ಸಲದ ಕಟಾವಿನಲ್ಲಿ, ರಾತ್ರಿ ಹತ್ತರ ಮೇಲೆ, ಮಷಿನ್ ಓಡಿಸುವ ಹುಡುಗನೊಬ್ಬ ತಲೆ ಚಚ್ಚಿಕೊಳ್ಳುತ್ತ ಬಂದ. ಜೊತೆಯವನು ಅದಾಗಲೇ ಕಿವಿಗೆ ಮೊಬೈಲ್ ಬೆಳಕು ಹಿಡಿದು ಹುಳ ಹೊರಗೆ ಬರುತ್ತದೆ ಅಂತ ಕಾದು ಕೂತಿದ್ದನಂತೆ. ಬಂದಿರಲಿಲ್ಲ. ಜೀವಂತ ಹುಳ ಇದ್ದಾಗ ಕ್ಯಾಮೆರಾ ಹಾಕಿದರೆ ಅದು ಇನ್ನೂ ಒಳಕ್ಕೆ ಓಡಿ ತಮಟೆ ಕೆರೆಯುತ್ತದೆ. "ಮೊದ್ಲು ಯಾವಾಗರ ಈ ಕಿವಿ ಸೋರಿತ್ತೇನಪ್ಪ, ಪರ್ದಾ ಹರದೈತಿ ಅಂತ ಯಾರರ ಹೇಳ್ಯಾರೇನು?" ಅಂತ ಕೇಳಿದೆ. ಇಲ್ಲ ಅಂದ. ಮಗ್ಗುಲಾಗಿ ಮಲಗಿಸಿ ಉಗುರುಬೆಚ್ಚಗಿನ ಕೊಬ್ಬರಿ ಎಣ್ಣೆ ಬಿಟ್ಟೆ. ಎರಡು ಮೂರು ನಿಮಿಷ ಒದ್ದಾಡಿದ, ಆಮೇಲೆ ಒಮ್ಮೆಲೇ ಮುಖ ಸಡಿಲಾಯಿತು. "ನಿಂತ್ತ್ರಿ ಸಿಸ್ಟರ್." ಆಗ ಎಣ್ಣೆ ಬಸಿದು ಕ್ಯಾಮೆರಾ ಹಿಡಿದೆ. ಎಣ್ಣೆಯ ಹೊಳಪಿನಲ್ಲಿ ಮೊದಲು ಕಂಡದ್ದು ಮುಳ್ಳು ಮುಳ್ಳಾದ ಒಂದು ಕಾಲು. ಸ್ಕ್ರೀನಿನ ಮೇಲೆ ಅದು ಬೆರಳುದ್ದ ಕಾಣುತ್ತಿತ್ತು, ಹುಡುಗ ನೋಡಿ ಮುಖ ತಿರುಗಿಸಿದ. ಹುಳ ತೆಗೆದದ್ದು ಮರುದಿನ ತಾಲ್ಲೂಕು ಆಸ್ಪತ್ರೆಯಲ್ಲಿ. ನಾನು ತೆಗೆಯಲು ಹೋಗಲಿಲ್ಲ.

ಕೂಡಿಸುವುದು, ಹಿಡಿಯುವುದು

ಯಾರ ಕಿವಿಗೂ ಹಾಕುವ ಮುಂಚೆ ಒಂದು ಹಾಳೆಯನ್ನು ಕಿರುಬೆರಳಿಗೆ ಸುತ್ತಿ ಕೊಳವೆ ಮಾಡಿ, ಎರಡು ಬೆರಳಗಲದಷ್ಟು ಉದ್ದಕ್ಕೆ ಕತ್ತರಿಸಿ, ಆಚೆ ತುದಿಗೆ ಕ್ಯಾಲೆಂಡರಿನ ಒಂದು ತಾರೀಕು ಅಂಟಿಸಿ. ಗೋಡೆಗೆ ಮೂತಿ ತಾಕಿಸದೆ ಸ್ಕ್ರೀನ್ ನೋಡಿಕೊಂಡೇ ಆ ತಾರೀಕು ಓದಲು ಬರಬೇಕು. ಮೊದಮೊದಲು ಕೈ ಬಲಕ್ಕೆ ಸರಿಸಿದರೆ ಚಿತ್ರ ಎಲ್ಲಿಗೋ ಓಡುತ್ತದೆ. ಹಿಡಿಕೆ ಸ್ವಲ್ಪ ತಿರುಗಿದರೂ ಮೇಲು ಕೆಳಗೆ ಅದಲು ಬದಲಾಗುತ್ತದೆ. ನನಗೆ ನಾಲ್ಕು ಸಂಜೆ ಬೇಕಾದವು. ನಡುವೆ ಧೈರ್ಯ ಮಾಡಿ ಮನೆಯವರ ಕಿವಿಗೆ ಹೋದೆ. ಅವರಿನ್ನೂ ಆ ವಿಷಯ ಎತ್ತಿ ಆಡುತ್ತಾರೆ.

ಕೂಡಿಸಲು ಗೋಡೆಗೆ ಒರಗಿಸಿದ ಕುರ್ಚಿ ಸಾಕು, ತಲೆ ಗೋಡೆಗೆ ತಾಗಿರಲಿ. ಸುತ್ತ ಮಕ್ಕಳು ಓಡಾಡಬಾರದು, ಬಾಗಿಲು ಹಾಕಿ. ಮೊಣಕೈಗೆ ಯಾರೋ ತಾಗಿದ್ದರಿಂದಲೇ ತಮಟೆ ಹರಿದ ಕಥೆಗಳಿವೆ. ನೋವಿರುವ ಕಿವಿ ಬಿಟ್ಟು, ಚೆನ್ನಾಗಿರುವ ಕಿವಿಯಿಂದ ಶುರು ಮಾಡಿ. ಅವರಿಗೆ ಭಯ ಹೋಗುತ್ತದೆ, ನಿಮಗೆ ಅವರ ಸರಿ ಇರುವ ಕಿವಿ ಹೇಗೆ ಕಾಣುತ್ತದೆ ಅಂತ ಗೊತ್ತಾಗುತ್ತದೆ. ಸೋಂಕಿದ್ದರೆ ಆ ಕಿವಿಯದು ಈ ಕಿವಿಗೆ ಅಂಟುವುದೂ ಇಲ್ಲ.

ಕಿವಿಯ ನಾಳ ಕೊಳವೆಯ ಹಾಗೆ ನೆಟ್ಟಗಿಲ್ಲ, ಬಾಗಿದೆ. ದೊಡ್ಡವರಿಗೆ ಕಿವಿಯನ್ನು ಮೇಲಕ್ಕೆ ಮತ್ತು ಹಿಂದಕ್ಕೆ ಎಳೆದರೆ ನೆಟ್ಟಗಾಗುತ್ತದೆ. ಮೂರು ವರ್ಷದೊಳಗಿನ ಮಕ್ಕಳಿಗೆ ಕೆಳಕ್ಕೆ ಮತ್ತು ಹಿಂದಕ್ಕೆ. ಕೂಸುಗಳ ಕಿವಿಗೆ ಮನೆಯಲ್ಲಿ ಹಾಕಲೇಬೇಡಿ. ದೊಡ್ಡ ಮಕ್ಕಳಾದರೆ ತಾಯಿ ತೊಡೆಯ ಮೇಲೆ ಅಡ್ಡ ಕೂಡಿಸಿಕೊಂಡು, ಒಂದು ಕೈಯಲ್ಲಿ ಮಗುವಿನ ಎರಡೂ ಕೈ, ಇನ್ನೊಂದು ಕೈಯಲ್ಲಿ ತಲೆಯನ್ನು ಎದೆಗೆ ಒತ್ತಿ ಹಿಡಿಯಲಿ.

ಇನ್ನು ನಿಮ್ಮ ಕೈ. ಕ್ಯಾಮೆರಾವನ್ನು ಪೆನ್ನಿನ ಹಾಗೆ ಹಿಡಿದು, ಅದೇ ಕೈಯ ಕಿರುಬೆರಳನ್ನು ಅವರ ಕೆನ್ನೆಗೆ ಊರಿ. ತಲೆ ಅಲುಗಿದರೆ ಕೈಯೂ ತಲೆಯ ಜೊತೆಗೇ ಅಲುಗುತ್ತದೆ, ಮೂತಿ ಒಳಕ್ಕೆ ನುಗ್ಗುವುದಿಲ್ಲ. ಈ ಒಂದು ಕಿರುಬೆರಳಿನ ಅಭ್ಯಾಸವಾಗುವವರೆಗೆ ಬೇರೆಯವರ ಕಿವಿ ಮುಟ್ಟಬೇಡಿ.

ಎಷ್ಟು ಒಳಗೆ ಹೋಗಬೇಕು? ಇಲ್ಲಿ ಆ ಹಳೇ ಲೆಕ್ಕ ಬೇಕು. ದೊಡ್ಡವರ ನಾಳ ಸುಮಾರು ಎರಡೂವರೆ ಸೆಂಟಿಮೀಟರ್. ಕ್ಯಾಮೆರಾ ಒಂದೂವರೆ ಎರಡು ಸೆಂಟಿಮೀಟರ್ ದೂರದಿಂದಲೇ ಚೊಕ್ಕ ನೋಡುತ್ತದೆ. ಅಂದರೆ ಮೂತಿ ಅರ್ಧದಿಂದ ಒಂದು ಸೆಂಟಿಮೀಟರ್ ಒಳಗಿದ್ದರೆ ತಮಟೆ ಕಂಡೇ ಕಾಣುತ್ತದೆ. ಕೂದಲು ಇರುವಷ್ಟು ದೂರ ನಿಮ್ಮ ಎಲ್ಲೆ. ನಾಳದ ಹೊರಗಿನ ಮೂರರಲ್ಲಿ ಒಂದು ಪಾಲು ಮೆದು ಎಲುಬು, ಮೇಲೆ ದಪ್ಪ ಚರ್ಮ, ಕೂದಲು, ಗುಗ್ಗೆ ಮಾಡುವ ಗ್ರಂಥಿ. ಕೂದಲು ಮುಗಿದಲ್ಲಿಂದ ಗಟ್ಟಿ ಎಲುಬು, ಅದರ ಮೇಲಿನ ಚರ್ಮ ಈರುಳ್ಳಿಯ ಒಳಪದರದಷ್ಟು ತೆಳು. ಮುಟ್ಟಿದರೆ ಉರಿ, ಕೆರೆದರೆ ರಕ್ತ. ನೋಡುತ್ತಿರುವಾಗ ಕೆಲವರಿಗೆ ಒಣಕೆಮ್ಮು ಬರುತ್ತದೆ. ಗಂಟಲಿಗೂ ಹೋಗುವ ಒಂದು ನರದ ಕವಲು ಕಿವಿಯಲ್ಲಿರುವುದರಿಂದ ಹಾಗೆ. ಕೆಮ್ಮು ಬಂತೆಂದರೆ ಮೂತಿ ಗೋಡೆಗೆ ತಾಕಿದೆ ಅಂತ, ಹಿಂದೆ ಸರಿಯಿರಿ.

ಸ್ಕ್ರೀನಿನ ಮೇಲೆ ಕಾಣುವುದು

ಎಲ್ಲರೂ ಮೊದಲು ಬೆಚ್ಚುವುದು ಗುಗ್ಗೆ ಕಂಡು. ಐವತ್ತು ಪಟ್ಟು ದೊಡ್ಡದಾಗಿ ಕಂಡರೆ ಬೆಲ್ಲದ ಪೆಂಟೆಯೇ ಕೂತಂತೆ ಅನ್ನಿಸುತ್ತದೆ. ಅದು ಹೊಲಸಲ್ಲ. ಧೂಳು ಹಿಡಿಯಲು, ನೀರು ತಡೆಯಲು ಕಿವಿಯೇ ಮಾಡಿಕೊಂಡ ಮೇಣ. ಒಳಗಿನ ಚರ್ಮ ತಾನೇ ಹೊರಕ್ಕೆ ಸರಿಯುತ್ತ ಬರುತ್ತದೆ, ನಾವು ರೊಟ್ಟಿ ಅಗಿದಾಗ ದವಡೆ ಅಲುಗಿ ಇನ್ನಷ್ಟು ಸಡಿಲಾಗುತ್ತದೆ, ಒಣಗಿ ಉದುರುತ್ತದೆ. ಹತ್ತಿ ಸುತ್ತಿದ ಕಡ್ಡಿ ಅದನ್ನು ತೆಗೆಯುವುದಕ್ಕಿಂತ ಹೆಚ್ಚಾಗಿ ಒಳಕ್ಕೆ ಗುದ್ದುತ್ತದೆ. ಗುಗ್ಗೆಯ ಪಕ್ಕದ ಸಂದಿಯಲ್ಲಿ ತಮಟೆ ಕಾಣುತ್ತಿದ್ದು, ಕೇಳುವುದಕ್ಕೆ ತೊಂದರೆ ಇಲ್ಲದಿದ್ದರೆ ಅದನ್ನು ಅದರ ಪಾಡಿಗೆ ಬಿಡಿ. ಪೂರ್ತಿ ಮುಚ್ಚಿ ಕೇಳಿಸದಂತಾಗಿದ್ದರೆ ಮೆತ್ತಗೆ ಮಾಡುವ ಡ್ರಾಪ್ಸ್ ನಾಲ್ಕೈದು ದಿನ, ಆಮೇಲೆ ಆಸ್ಪತ್ರೆಯಲ್ಲಿ ತೊಳೆಸುವುದು. ತೊಳೆಯುವ ನೀರು ಮೈಯಷ್ಟೇ ಬೆಚ್ಚಗೆ, 37 ಡಿಗ್ರಿ ಇರಬೇಕು. ತಣ್ಣೀರು ಬಿಟ್ಟರೆ ನೆಲವೇ ತಿರುಗಿದಂತಾಗಿ ವಾಂತಿ ಬರುತ್ತದೆ.

ತಮಟೆ ಸುಮಾರು ಒಂದು ಸೆಂಟಿಮೀಟರ್ ಅಗಲದ, ಕಾಗದದಷ್ಟು ತೆಳ್ಳನೆಯ ಪೊರೆ. ಆರೋಗ್ಯವಾಗಿದ್ದರೆ ಮುತ್ತಿನ ಬೂದು ಬಣ್ಣ, ಸ್ವಲ್ಪ ಪಾರದರ್ಶಕ. ಮೇಲಿನಿಂದ ನಡುವಿನವರೆಗೆ ಒಂದು ಸಣ್ಣ ಎಲುಬಿನ ಹಿಡಿಕೆ ಇಳಿದಿರುತ್ತದೆ. ಅದರ ತುದಿಯಿಂದ ಕೆಳಕ್ಕೆ ಬೆಳಕು ತ್ರಿಕೋಣವಾಗಿ ಹೊಳೆಯುತ್ತದೆ. ತಮಟೆಯನ್ನು ಗಡಿಯಾರ ಅಂದುಕೊಂಡರೆ ಬಲಗಿವಿಯಲ್ಲಿ ಆ ಹೊಳಪು 5 ಗಂಟೆಯ ಜಾಗದಲ್ಲಿ, ಎಡಗಿವಿಯಲ್ಲಿ 7 ಗಂಟೆಯ ಜಾಗದಲ್ಲಿ. ಈ ಹೊಳಪು ಕಂಡ ದಿನ ನನಗೆ ಆದ ಖುಷಿ ಕೇಳಬೇಡಿ, ಇಡೀ ಉಪಕೇಂದ್ರದವರನ್ನು ಕರೆದು ತೋರಿಸಿದ್ದೆ.

ಕಾಲುವೆ ಹುಡುಗರ ಕಿವಿಯಲ್ಲಿ ಹೆಚ್ಚಾಗಿ ಕಾಣುವುದು ಬೂಸಲು. ಮೂರು ದಿನ ಡಬ್ಬಿಯಲ್ಲಿ ಮರೆತ ಮೆತ್ತನೆ ರೊಟ್ಟಿಯ ಮೇಲೆ ಬಂದಂತೆ ಬಿಳಿ ಎಳೆ, ನಡುವೆ ಕಪ್ಪು ಚುಕ್ಕಿ. ಕೆರೆತ ತಡೆಯಲಾಗದಷ್ಟು. ಇದಕ್ಕೆ ಎಣ್ಣೆ ಬಿಡುವುದೆಂದರೆ ಬೂಸಲಿಗೆ ಊಟ ಹಾಕಿದಂತೆ. ತಮಟೆಯ ಹಿಂದೆ ಗುಳ್ಳೆಗಳ ಸಾಲೋ, ಜೇನುಬಣ್ಣದ ನೀರೋ ಕಂಡರೆ ಒಳಗಿವಿಯ ಮುಂದಿನ ಕೋಣೆಯಲ್ಲಿ ನೀರು ನಿಂತಿದೆ ಅಂತ. ಶಾಲೆಯಲ್ಲಿ ಮಗು ಮಾತು ಕೇಳುವುದಿಲ್ಲ ಅಂತ ಬೈಸಿಕೊಳ್ಳುತ್ತಿದ್ದರೆ ಒಮ್ಮೆ ಇದನ್ನೂ ನೋಡಬೇಕು. ಸೀಮೆಸುಣ್ಣ ಮೆತ್ತಿದ ಹಾಗೆ ಬಿಳಿ ಕಲೆ ಕಂಡರೆ ಹೆಚ್ಚಾಗಿ ಹಳೇ ಸೋಂಕಿನ ಗುರುತು, ಗಾಬರಿ ಬೇಡ. ತಮಟೆಯ ಮೇಲ್ತುದಿಯಲ್ಲೋ ಅಂಚಿನಲ್ಲೋ ಗುಣಿ ಬಿದ್ದು, ಬಿಳಿ ಹೊಟ್ಟು ತುಂಬಿ, ಕೊಳೆತ ವಾಸನೆಯ ಕೀವು ಬಂದರೆ ಗಾಬರಿಯಾಗಲೇಬೇಕು. ಕೊಲೆಸ್ಟಿಯಾಟೋಮಾ ಅನ್ನುತ್ತಾರೆ, ಸುತ್ತಲಿನ ಎಲುಬನ್ನೇ ತಿನ್ನುತ್ತ ಹೋಗುತ್ತದೆ, ಹೆಚ್ಚಾಗಿ ಆಪರೇಷನ್ನೇ ಮದ್ದು. ತಮಟೆಯಲ್ಲಿ ತೂತು ಕಂಡರೆ ಮನೆಯಲ್ಲಿರುವ ಹಳೇ ಡ್ರಾಪ್ಸ್ ಬಾಟಲಿ ಮುಟ್ಟಬೇಡಿ. ಜೆಂಟಾಮೈಸಿನ್ ಇರುವ ಡ್ರಾಪ್ಸ್ ತೂತಿನಿಂದ ಒಳಗಿಳಿದರೆ ಒಳಗಿವಿಗೇ ಹಾನಿ ಮಾಡಬಹುದು.

ನನ್ನ ತಪ್ಪೊಂದು ಹೇಳಿಬಿಡುತ್ತೇನೆ. ಮೂರು ವರ್ಷದ ಹುಡುಗಿ, ಜ್ವರ, ಕಿರುಚಾಟ. ತಮಟೆ ಕೆಂಪಗೆ ಕಂಡಿತು. ಸೋಂಕು ಅಂತ ತಾಯಿಗೆ ಹೇಳಿ ಹೆದರಿಸಿ ಕಳಿಸಿದೆ. ಡಾಕ್ಟರ್ ನೋಡಿ, ಕಿವಿ ಸರಿ ಇದೆ, ಗಂಟಲು ನೋಡಿ ಅಂದರಂತೆ. ಮಗು ಜೋರಾಗಿ ಅತ್ತರೆ ಸರಿ ಇರುವ ತಮಟೆಯೂ ಕೆಂಪಾಗುತ್ತದೆ. ಸೋಂಕಿದ್ದರೆ ಕೆಂಪಿನ ಜೊತೆ ತಮಟೆ ಹೊರಕ್ಕೆ ಉಬ್ಬಿರಬೇಕು, ಆ ಬೆಳಕಿನ ತ್ರಿಕೋಣ ಮಾಯವಾಗಿರಬೇಕು. ಈಗ ಅಳುವ ಮಗುವಿನ ವಿಡಿಯೋ ಕಳಿಸುವಾಗ "ಅಳುತ್ತಿತ್ತು" ಅಂತ ಬರೆದೇ ಕಳಿಸುತ್ತೇನೆ.

ಇನ್ನು ಒಬ್ಬ ಆಯಿಯ ಕಥೆ. ಎಪ್ಪತ್ತರ ಮೇಲಿನ ವಯಸ್ಸು, ಎಡಗಿವಿ ಕೇಳಿಸುವುದಿಲ್ಲ.

"ಎಷ್ಟು ದಿನ ಆತು ಆಯಿ?"

"ಶ್ರಾವಣದಾಗಿಂದ ಕೇಳವಲ್ದವ್ವ. ಸೊಸಿ ಬೈಯೋದು ಕೇಳಂಗಿಲ್ಲ, ಅದೊಂದು ಚಲೋ ಆಗೇತಿ."

ಸ್ಕ್ರೀನಿನಲ್ಲಿ ಕಂದು ಬಣ್ಣದ ಉಂಡೆ. ಗುಗ್ಗೆ ಅಂದುಕೊಂಡೆ. ಆದರೆ ಗುಗ್ಗೆಯ ಅಂಚು ನುಣ್ಣಗೆ ಹೊಳೆಯುತ್ತದೆ, ಇದರ ಅಂಚಿಗೆ ಎಳೆ ಎಳೆ ನಿಂತಿದ್ದವು. ಬೆಳಕು ಸ್ವಲ್ಪ ಕಡಿಮೆ ಮಾಡಿದೆ. ಹೆಚ್ಚು ಬೆಳಕಿನಲ್ಲಿ ಬಣ್ಣ ಬೆಳ್ಳಗಾಗಿ ಏನೂ ತಿಳಿಯುವುದಿಲ್ಲ, ಆ್ಯಪಿನಲ್ಲಿ ಬೆಳಕು ಇಳಿಸುವ ಗೆರೆ ಇರುತ್ತದೆ. ಆಗ ಎಳೆಗಳು ಬಿಡಿಬಿಡಿಯಾಗಿ ಕಂಡವು. ಹತ್ತಿ. ಅದರ ಸಂದಿಯಲ್ಲಿ ಹಳದಿ ಬಣ್ಣದ, ಸುಕ್ಕು ಬಿದ್ದ ಏನೋ ಒಂದು. ಫೋನು ತಿರುಗಿಸಿ ಆಯಿಗೆ ತೋರಿಸಿದೆ. ಕಣ್ಣು ಕಿರಿದು ಮಾಡಿ ನೋಡಿದರು. "ಎಲಾ ಇದರ! ಬೆಳ್ಳುಳ್ಳಿ ಎಸಳು. ಬ್ಯಾನಿ ಆದಾಗ ಹತ್ತ್ಯಾಗ ಸುತ್ತಿ ಇಟ್ಟಿದ್ದೆ. ಬಿದ್ದು ಹೋಗೇತಿ ಅಂತ ಮಾಡಿದ್ನಲ್ಲ!"

ಚಮಚ ಇದ್ದಿದ್ದರೆ ಅವತ್ತು ನನ್ನ ಕೈಯೂ ಸುಮ್ಮನಿರುತ್ತಿರಲಿಲ್ಲವೇನೋ. ಎಳೆಗಳು ಹೊರಕ್ಕೇ ಚಾಚಿದ್ದವು, ಎಳೆದರೆ ಬಂದೇ ಬಿಡುತ್ತದೆ ಅನ್ನಿಸುತ್ತಿತ್ತು. ಆಸ್ಪತ್ರೆಯಲ್ಲಿ ತೆಗೆದ ಮೇಲೆ ಡಾಕ್ಟರ್ ಹೇಳಿದರು, ಹತ್ತಿಯ ಆಚೆ ಅಂಚು ಹುಣ್ಣಾದ ಚರ್ಮಕ್ಕೆ ಅಂಟಿತ್ತಂತೆ. ನೆನೆಸಿ, ಸೂಕ್ಷ್ಮದರ್ಶಕದ ಕೆಳಗೆ ಬಿಡಿಸಿದರಂತೆ. ಕ್ಯಾಮೆರಾಕ್ಕೆ ಈಚೆ ಅಂಚು ಮಾತ್ರ ಕಂಡಿತ್ತು. ಅದಕ್ಕೆ ಇರುವುದು ಒಂದೇ ಕಣ್ಣು, ಆಳ ತಿಳಿಯುವುದಿಲ್ಲ.

ಆಯಿ ವಾರ ಬಿಟ್ಟು ಬಂದು ಕೇಳಿದ್ದು ಒಂದೇ. "ಆ ಫೋಟೋ ನಮ್ಮ ಸೊಸಿಗೆ ತೋರಿಸಿಲ್ಲ ಹೌದಿಲ್ಲೋ?"

ಚೊಕ್ಕ ಕಿವಿ, ಕೇಳದ ಕಿವಿ

ಒಬ್ಬ ಕಿರಾಣಿ ಅಂಗಡಿಯವರು. ರಾತ್ರಿ ಮಲಗಿ ಬೆಳಿಗ್ಗೆ ಎದ್ದರೆ ಬಲಗಿವಿ ಕೇಳುತ್ತಿಲ್ಲ, ಒಳಗೆ ಗುಂಯ್ ಅನ್ನುತ್ತಿದೆ. ಕ್ಯಾಮೆರಾದಲ್ಲಿ ನೋಡಿದರೆ ಪುಸ್ತಕದ ಚಿತ್ರದಂಥ ಕಿವಿ. ಗುಗ್ಗೆ ಇಲ್ಲ, ಕೆಂಪಿಲ್ಲ, 5 ಗಂಟೆಗೆ ಹೊಳಪು. ಅವರಿಗೆ ಸಮಾಧಾನ, ನನಗೆ ಎದೆ ಡವಡವ. ಬಾಯಿ ಮುಚ್ಚಿ "ಹ್ಮ್" ಅಂತ ಎಳೆಯಲು ಹೇಳಿದೆ. ಗುಗ್ಗೆಯೋ ನೀರೋ ಅಡ್ಡ ಬಂದು ಕೇಳಿಸದಿದ್ದರೆ ಆ ಗುಂಯ್‌ಗಾಟ ಕೆಟ್ಟ ಕಿವಿಯಲ್ಲೇ ಜೋರಾಗಿ ಕೇಳುತ್ತದೆ. ನರವೇ ಸೋತಿದ್ದರೆ ಒಳ್ಳೆಯ ಕಿವಿಯ ಕಡೆಗೆ ಕೇಳುತ್ತದೆ. ಇವರು ಎಡಗಿವಿ ತೋರಿಸಿದರು. "ಅಂಗಡಿ ಬಾಗ್ಲಾ ಹಾಕ್ರಿ ಅಣ್ಣಾರ, ಇವತ್ತೇ ಹೊರಡ್ರಿ" ಅಂದೆ. ಕಾರಣವಿಲ್ಲದೆ ಒಮ್ಮೆಲೇ ಒಂದು ಕಿವಿ ಹೋದರೆ ಅದು ತುರ್ತು. ಮದ್ದು ಬೇಗ ಶುರುವಾದಷ್ಟೂ ಕೇಳುವುದು ಮರಳುವ ಸಾಧ್ಯತೆ ಹೆಚ್ಚು. ನಾಳೆ ಸಂತೆ ಮುಗಿಸಿ ಹೋಗುತ್ತೇನೆ ಅನ್ನುವ ಕಾಯಿಲೆ ಅಲ್ಲ ಇದು. ರಾಯಚೂರಿನ ರಿಮ್ಸ್ ಇದೆ, ಕೊಪ್ಪಳ, ಬಳ್ಳಾರಿಯ ಸರಕಾರಿ ವೈದ್ಯಕೀಯ ಕಾಲೇಜುಗಳಿವೆ. ಯಾವುದು ಹತ್ತಿರವೋ ಅಲ್ಲಿಗೆ.

ಡಾಕ್ಟರರಿಗೆ ಕಳಿಸುವಾಗ

ಫೋಟೋಗಿಂತ ವಿಡಿಯೋ ಮೇಲು. ಹತ್ತು ಹದಿನೈದು ಸೆಕೆಂಡು ಸಾಕು: ಬಾಗಿಲಿನಿಂದ ಶುರು ಮಾಡಿ, ನಿಧಾನ ಒಳಗೆ, ತಮಟೆಯ ಮೇಲೆ ಮೂರು ಸೆಕೆಂಡು ನಿಲ್ಲಿಸಿ, ಹೊರಗೆ. ವಾಟ್ಸ್ಆ್ಯಪಿನಲ್ಲಿ ಹಾಗೇ ಕಳಿಸಿದರೆ ಚಿತ್ರ ಕುಗ್ಗಿ ಬಣ್ಣ ಕೆಡುತ್ತದೆ, ಡಾಕ್ಯುಮೆಂಟ್ ಅಂತ ಕಳಿಸಿ. ಜೊತೆಗೆ ವಯಸ್ಸು, ಯಾವ ಕಿವಿ, ಎಷ್ಟು ದಿನ, ಏನು ತೊಂದರೆ, ಸಕ್ಕರೆ ಕಾಯಿಲೆ ಇದೆಯೋ ಇಲ್ಲವೋ, ಒಂದೇ ಸಾಲಿನಲ್ಲಿ. ನಾನು ಇ-ಸಂಜೀವಿನಿಯಲ್ಲಿ, ಅಂದರೆ ದೂರದ ಡಾಕ್ಟರರ ಜೊತೆ ಮಾತಾಡುವ ಸರಕಾರಿ ಸೇವೆಯಲ್ಲಿ, ಮಾತಾಡುವಾಗ ಚಿತ್ರ ಅಲ್ಲೇ ಏರಿಸಿಬಿಡುತ್ತೇನೆ. ಕ್ಯಾಮೆರಾದ ವೈಫೈ ಬಿಟ್ಟು ಡೇಟಾ ಹಚ್ಚುವವರೆಗೆ ಏನೂ ಹೋಗುವುದಿಲ್ಲ, ಅದನ್ನು ಮರೆತು ಎಷ್ಟೋ ಸಲ ಕಾದು ಕೂತಿದ್ದೇನೆ.

ಎಡ ಬಲ ಅದಲು ಬದಲಾಗುವುದು ಇಲ್ಲೇ. ಒಮ್ಮೆ ಎರಡೂ ಕಿವಿಯ ವಿಡಿಯೋ ತೆಗೆದು, ಆಮೇಲೆ ಯಾವುದು ಯಾವುದು ಅಂತ ತಿಳಿಯದೆ ಅಂದಾಜಿನಲ್ಲಿ "ಬಲ" ಅಂತ ಬರೆದು ಕಳಿಸಿದೆ. "ಇದು ಎಡಗಿವಿ ಅಲ್ವೇನಮ್ಮ?" ಅಂತ ಡಾಕ್ಟರ್ ಸರ್ ವಾಪಸ್ ಬರೆದರು. ಹೇಗೆ ಗೊತ್ತಾಯಿತು ಅಂತ ಕೇಳಿ ಕಲಿತೆ. ಎಲುಬಿನ ಹಿಡಿಕೆಯ ಮೇಲ್ತುದಿಯಿಂದ ಬೆಳಕಿನ ತ್ರಿಕೋಣಕ್ಕೆ ಹತ್ತಿರದ ದಾರಿ ಹಿಡಿಯಿರಿ. ಗಡಿಯಾರದ ಮುಳ್ಳು ತಿರುಗುವ ಕಡೆಗೇ ಹೋದರೆ ಬಲಗಿವಿ, ಎದುರು ಕಡೆಗೆ ಹೋದರೆ ಎಡಗಿವಿ. ಕ್ಯಾಮೆರಾ ಹೇಗೆ ತಿರುಗಿಸಿ ಹಿಡಿದರೂ ಇದು ಸುಳ್ಳಾಗುವುದಿಲ್ಲ. ಆದರೆ ತಮಟೆ ಕೆಟ್ಟಿದ್ದರೆ ಈ ಗುರುತೇ ಇರುವುದಿಲ್ಲ. ಹಾಗಾಗಿ ಈಗ ಮೂತಿ ಕಿವಿಗೆ ಹೋಗುವ ಮುಂಚೆ, ರೆಕಾರ್ಡ್ ಒತ್ತಿ, "ಬ" ಅಂತಲೋ "ಎ" ಅಂತಲೋ ಬರೆದ ಚೀಟಿ ಅದಕ್ಕೆ ತೋರಿಸುತ್ತೇನೆ. ಗುರುತು ವಿಡಿಯೋದೊಳಗೇ ಇರುತ್ತದೆ.

ವಿಡಿಯೋ ತೆಗೆಯುವ ಮುಂಚೆ ಅವರನ್ನು ಕೇಳಿ, ಮಕ್ಕಳಾದರೆ ತಾಯಿತಂದೆಯನ್ನು. ಕೆಲಸ ಮುಗಿದ ಮೇಲೆ ಗ್ಯಾಲರಿಯಿಂದ ಅಳಿಸಿ. ಊರ ಗ್ರೂಪಿಗೆ "ನೋಡ್ರಿ ಹುಳ" ಅಂತ ಹಾಕುವ ಆಸೆ ನನಗೂ ಆಗಿತ್ತು.

ತೊಳೆಯುವುದು, ಇಡುವುದು

ನೀರಲ್ಲಿ ಅದ್ದಬೇಡಿ. ಟೊಪ್ಪಿಗೆ ತೆಗೆದು ಸಾಬೂನು ನೀರಲ್ಲಿ ಬೇರೆ ತೊಳೆಯಿರಿ. ಮೂತಿಯನ್ನು 70 ಪರ್ಸೆಂಟ್ ಸ್ಪಿರಿಟ್ ಹಚ್ಚಿದ ಸ್ವಾಬಿನಿಂದ ಬುಡದಿಂದ ತುದಿಗೆ ಒರೆಸಿ, ಗಾಜನ್ನು ಕೊನೆಗೆ, ಇನ್ನೊಂದು ಹೊಸ ಸ್ವಾಬಿನಿಂದ. ಒಂದು ಕಿವಿ ಸೋರುತ್ತಿದ್ದರೆ ಅದೇ ಮನುಷ್ಯನ ಇನ್ನೊಂದು ಕಿವಿಗೂ ಒರೆಸದೆ ಹೋಗುವಂತಿಲ್ಲ. ಸ್ಪಿರಿಟ್ ಪೂರ್ತಿ ಆರಬೇಕು. ಹಸಿ ಮೂತಿ ಹುಣ್ಣಾದ ಚರ್ಮಕ್ಕೆ ತಾಗಿದರೆ ಮೆಣಸಿನಕಾಯಿ ಹಚ್ಚಿದಂತೆ ಉರಿಯುತ್ತದೆ. ಮೂತಿಯ ದೀಪಗಳು ಉರಿಯುತ್ತ ಉರಿಯುತ್ತ ಬಿಸಿಯಾಗುತ್ತವೆ. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ತಗಡಿನ ಕೆಳಗೆ ಮೊದಲೇ ಕಾದಿರುತ್ತದೆ, ಎರಡು ನಿಮಿಷಕ್ಕೇ ಸುಡುವಂತಾಗುತ್ತದೆ. ಪ್ರತಿ ಸಲ ಮುಂಗೈ ಒಳಭಾಗಕ್ಕೆ ತಾಗಿಸಿ ನೋಡಿ, ಕೂಸಿನ ಹಾಲು ನೋಡಿದ ಹಾಗೆ. ಬಿಸಿ ಅನ್ನಿಸಿದರೆ ಆರಿಸಿ ಇಡಿ, ಹೊರಗೆ ಕೂತವರಿಗೆ ನೀರು ಕೊಡಿ, ಐದು ನಿಮಿಷ ಬಿಟ್ಟು ಕರೆಯಿರಿ.